ಗಂಟಲಲ್ಲೇ ನಿಲ್ಲುವ ತುತ್ತು

ಮದುವೆಮನೆಯ ಪಂಕ್ತಿಯಲ್ಲಿ ಕುಳಿತವರು ಅನ್ನಕ್ಕೆ ಸಾರು ಕಲಸುತ್ತ, ಪಕ್ಕದ ಎಲೆಯವರೊಡನೆ ಮಾತನಾಡುತ್ತ, ಬಡಿಸಲು ಬಂದವರಿಗೆ ಕೈಯಡ್ಡ ಹಿಡಿಯುತ್ತ, ಇವೆಲ್ಲದರ ನಡುವೆ ತುತ್ತಿನ ಮೇಲೆ ತುತ್ತು ನುಂಗುತ್ತಿರುತ್ತಾರೆ; ರುಚಿ, ಮಾತು, ಗದ್ದಲ ಎಲ್ಲವೂ ಅವರ ಗಮನಕ್ಕೆ ಬರುತ್ತವೆ, ನುಂಗಿದ್ದು ಮಾತ್ರ ಬರುವುದಿಲ್ಲ. ಅಂಥ ಸಾಲಿನಲ್ಲೇ ಒಮ್ಮೊಮ್ಮೆ ಒಬ್ಬರು ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯುತ್ತ, ನುಂಗುವ ಮುನ್ನ ಒಂದು ಕ್ಷಣ ತಡೆದು, ಲೋಟದ ನೀರಿನಿಂದ ಅದನ್ನು ಒಳಕ್ಕೆ ತಳ್ಳುತ್ತ ಕುಳಿತಿರುವುದುಂಟು. ಸಾಲಿನವರೆಲ್ಲ ಏಳುವ ಹೊತ್ತಿಗೆ ಅವರ ಎಲೆಯಲ್ಲಿ ಬಡಿಸಿದ್ದರ ಮುಕ್ಕಾಲು ಪಾಲು ಉಳಿದಿರುತ್ತದೆ, ಮತ್ತು ಮುಂದಿನ ಮದುವೆಗೆ ಅವರು ಏನಾದರೊಂದು ನೆವ ಹೇಳಿ ಮನೆಯಲ್ಲೇ ಉಳಿಯುತ್ತಾರೆ.

ಇಂಥವರನ್ನು ಪರೀಕ್ಷಿಸಿದ ವೈದ್ಯರಿಗೆ ಕೆಲವೊಮ್ಮೆ ಗಡ್ಡೆಯೋ ಕಿರಿದಾದ ಅನ್ನನಾಳವೋ ಕಾಣುತ್ತದೆ, ಕೆಲವೊಮ್ಮೆ ಏನೂ ಕಾಣುವುದಿಲ್ಲ. ಏನೂ ಕಾಣದಿದ್ದಾಗ ‘ಎಲ್ಲ ಮನಸ್ಸಿನದು’ ಎಂಬ ಮಾತು ಬಹಳ ಸುಲಭವಾಗಿ ಹೊರಬೀಳುತ್ತದೆ. ಆ ಮಾತು ಪೂರ್ತಿ ಸುಳ್ಳಲ್ಲ. ಅದರ ಹಿಂದಿರುವ ಎಣಿಕೆ ಮಾತ್ರ ತಪ್ಪು. ನುಂಗುವ ಕ್ರಿಯೆಯಲ್ಲಿ ಮನಸ್ಸಿನ ಪಾಲು ಆರೋಗ್ಯವಂತರಲ್ಲೂ ಸದಾ ಇರುವಂಥದ್ದೇ ಹೊರತು ಕಾಯಿಲೆ ಬಂದಾಗ ಹೊರಗಿನಿಂದ ಬಂದು ಸೇರುವಂಥದ್ದಲ್ಲ.

ಅರ್ಧ ಇಚ್ಛೆ, ಅರ್ಧ ತಾನಾಗಿ

19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಫ್ರಾಂಸ್ವಾ ಮಜಾಂಡಿ ನುಂಗುವಿಕೆಯನ್ನು ಬಾಯಿ, ಗಂಟಲು, ಅನ್ನನಾಳ ಎಂಬ ಮೂರು ಹಂತಗಳಾಗಿ ವಿಂಗಡಿಸಿದ; ಇಂದಿನ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಅದನ್ನೇ ಉಳಿಸಿಕೊಂಡಿವೆ. ಬಾಯಿಯ ಹಂತ ಇಚ್ಛೆಗೆ ಸೇರಿದ್ದು: ಎಷ್ಟು ಅಗಿಯಬೇಕು, ಯಾವಾಗ ನಾಲಿಗೆಯಿಂದ ಹಿಂದಕ್ಕೆ ತಳ್ಳಬೇಕು ಎಂಬುದನ್ನು ಉಣ್ಣುವವರೇ ತೀರ್ಮಾನಿಸಬಲ್ಲರು, ಬೇಡವೆನಿಸಿದರೆ ತುತ್ತನ್ನು ಉಗಿಯಲೂಬಲ್ಲರು. ಆದರೆ ತುತ್ತು ನಾಲಿಗೆಯ ಬುಡವನ್ನು ದಾಟಿದ ಮೇಲೆ ಆ ಅಧಿಕಾರ ಅವರ ಕೈಯಲ್ಲಿ ಉಳಿಯುವುದಿಲ್ಲ.

ಆಗ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ಎಪಿಗ್ಲಾಟಿಸ್ ಎಂಬ ಮುಚ್ಚಳದ ಅಡಿಯಲ್ಲಿ ಅಡಗುತ್ತದೆ. ಧ್ವನಿತಂತುಗಳು ಒಂದಕ್ಕೊಂದು ಅಂಟಿ ಶ್ವಾಸನಾಳದ ಬಾಯಿ ಮುಚ್ಚುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ಉಳಿದ ಹೊತ್ತಿನಲ್ಲೆಲ್ಲ ಅನ್ನನಾಳದ ಮೇಲ್ಬಾಯಿಯನ್ನು ಬಿಗಿಹಿಡಿದಿರುವ ಸ್ನಾಯುವಿನ ಉಂಗುರ ಸಡಿಲಗೊಂಡು ತುತ್ತನ್ನು ಒಳಬಿಡುತ್ತದೆ. ಇಷ್ಟೆಲ್ಲ ಮುಗಿಯಲು ಸುಮಾರು ಒಂದು ಸೆಕೆಂಡು ಸಾಕು. ಅಲ್ಲಿಂದ ಮುಂದೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಅಲೆಯಂತೆ ಹಿಂಡುತ್ತ ತುತ್ತನ್ನು ಜಠರಕ್ಕೆ ಮುಟ್ಟಿಸಲು ಎಂಟು-ಹತ್ತು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ.

ಸುಮಾರು 30 ಜೊತೆ ಸ್ನಾಯುಗಳನ್ನು ಈ ಅನುಕ್ರಮದಲ್ಲಿ ನಡೆಸುವುದು ಮೆದುಳಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿರುವ ನರಕೋಶಗಳ ಒಂದು ಜಾಲ. ಬಾಯಿಪಾಠವಾದ ಮಗ್ಗಿಯಲ್ಲಿ ಮೊದಲ ಸಾಲು ಹೊರಟರೆ ಉಳಿದವು ತಾವೇ ಬರುತ್ತವೆ, ನಡುವೆ ತಡೆದು ‘ಏಳೆಂಟಲೆ ಎಷ್ಟು’ ಎಂದು ಕೇಳಿದರೆ ಬಲ್ಲವರೂ ತಡವರಿಸುತ್ತಾರೆ. ಈ ಜಾಲದ ಸ್ವಭಾವವೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಮೆಡುಲ್ಲಾ ಒಂಟಿಯಾಗಿ ಕೆಲಸ ಮಾಡುವುದಿಲ್ಲ. 1990ರ ದಶಕದಲ್ಲಿ ಮ್ಯಾಂಚೆಸ್ಟರಿನ ಶಾಹೀನ್ ಹಮ್ದಿ ಮತ್ತು ಸಂಗಡಿಗರು ತಲೆಯ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟು, ನುಂಗುವ ಸ್ನಾಯುಗಳಿಗೆ ಮೆದುಳಿನ ಎರಡೂ ಅರ್ಧಗೋಳಗಳಲ್ಲಿ, ಸಮವಾಗಿ ಅಲ್ಲದಿದ್ದರೂ, ನೆಲೆಯಿದೆಯೆಂದು ತೋರಿಸಿದರು. ನುಂಗುವಾಗ ತೆಗೆದ ಮೆದುಳಿನ ಚಿತ್ರಗಳಲ್ಲಿ ಎಚ್ಚರಗೊಳ್ಳುವ ಭಾಗಗಳ ಪೈಕಿ ಇನ್ಸುಲಾ ಮತ್ತು ಸಿಂಗ್ಯುಲೇಟ್ ಎಂಬ ಎರಡು, ಭಯ, ಜಿಗುಪ್ಸೆ, ನೋವುಗಳ ಅನುಭವದಲ್ಲೂ ಪಾಲ್ಗೊಳ್ಳುವಂಥವು.

ಇದಕ್ಕೆ ಕರ್ನಾಟಕದ ಓದುಗರು ದೂರದ ಪ್ರಯೋಗಾಲಯದ ಸಾಕ್ಷಿಯನ್ನೇ ನೆಚ್ಚಬೇಕಿಲ್ಲ. ಹಳೇ ಮೈಸೂರು ಸೀಮೆಯ ಮಕ್ಕಳು ರಾಗಿಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಯಾರೂ ಪ್ರತ್ಯೇಕವಾಗಿ ಹೇಳಿಕೊಡದೆ ಕಲಿಯುತ್ತಾರೆ. ದೊಡ್ಡವರಾದ ಮೇಲೆ ಮೊದಲ ಸಲ ಮುದ್ದೆಯ ಮುಂದೆ ಕುಳಿತ ಹೊರಗಿನವರ ಬಾಯಲ್ಲಿ ಅದೇ ತುತ್ತು ಹೊರಳಾಡುತ್ತದೆ, ಹಲ್ಲಿಗೆ ಅಂಟುತ್ತದೆ, ಗಂಟಲು ಅದನ್ನು ಒಪ್ಪುವುದಿಲ್ಲ. ಇಬ್ಬರ ಗಂಟಲಿನ ರಚನೆಯೂ ಒಂದೇ ಆಗಿದ್ದು, ಒಬ್ಬರಿಗಿರುವ ಅಭ್ಯಾಸ ಮತ್ತು ನಂಬಿಕೆ ಮಾತ್ರ ಇನ್ನೊಬ್ಬರಿಗಿಲ್ಲ.

ಆತಂಕ ಗಂಟಲಿಗೆ ಇಳಿಯುವ ದಾರಿ

ಆತಂಕ ಹೆಚ್ಚಿದಾಗ ಬಾಯಿ ಒಣಗುವುದು ಎಲ್ಲರ ಅನುಭವ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಆಗ ಹೊಸದಾಗಿದ್ದ ಎಕ್ಸ್-ರೇಯ ನೆರವಿನಿಂದ ಪ್ರಾಣಿಗಳ ಜೀರ್ಣಾಂಗಗಳನ್ನು ನೋಡುತ್ತಿದ್ದಾಗ, ಬೆಕ್ಕು ಕೆರಳಿದ ಕೂಡಲೇ ಅದರ ಜಠರದ ಚಲನೆ ನಿಂತುಹೋಗುವುದನ್ನು ಕಂಡ. ಭಯ ಮತ್ತು ಸಿಟ್ಟು ದೇಹದಲ್ಲಿ ತರುವ ಬದಲಾವಣೆಗಳ ಬಗ್ಗೆ ಆತ 1915ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಇಂಥ ಅವಲೋಕನಗಳೇ ಬುನಾದಿ. 1940ರಲ್ಲಿ ವಿಲಿಯಂ ಫಾಕ್ನರ್ ಎಂಬ ಅಮೆರಿಕನ್ ವೈದ್ಯ (ಕಾದಂಬರಿಕಾರನಲ್ಲ, ಅದೇ ಹೆಸರಿನ ಇನ್ನೊಬ್ಬ) ಅನ್ನನಾಳದೊಳಗೆ ದರ್ಶಕ ಕೊಳವೆ ಇಳಿಸಿ, ರೋಗಿಯ ಮನಸ್ಸಿಗೆ ಅಹಿತವಾದ ವಿಷಯ ಸೂಚಿಸಿದಾಗ ನಾಳ ಸೆಟೆದುಕೊಳ್ಳುವುದನ್ನೂ ಹಿತವಾದದ್ದನ್ನು ಸೂಚಿಸಿದಾಗ ಸಡಿಲುವುದನ್ನೂ ನೋಡಿ ವರದಿ ಮಾಡಿದ. ಅನ್ನನಾಳದ ಮೇಲ್ಬಾಯಿಯ ಉಂಗುರದ ಒತ್ತಡವು ಮಾನಸಿಕ ಒತ್ತಡದಲ್ಲಿ ಏರುತ್ತದೆಂಬುದನ್ನು ಆಮೇಲಿನವರು ಅಳತೆ ಮಾಡಿಯೇ ದೃಢಪಡಿಸಿದ್ದಾರೆ.

ಉಸಿರಾಟದ್ದು ಇನ್ನೊಂದು ಕೊಂಡಿ. ಸಾಮಾನ್ಯವಾಗಿ ನುಂಗುವಿಕೆ ಉಸಿರು ಬಿಡುವ ಹಂತದ ನಡುವೆ ನಡೆಯುತ್ತದೆ, ನುಂಗಿದ ಮೇಲೂ ಉಸಿರು ಹೊರಗೇ ಹೋಗುತ್ತದೆ. ಅಕಸ್ಮಾತ್ ಶ್ವಾಸನಾಳದ ಬಾಯಲ್ಲಿ ಏನಾದರೂ ಉಳಿದಿದ್ದರೆ ಅದು ಹೊರಕ್ಕೆ ತಳ್ಳಲ್ಪಡಲೆಂದು ದೇಹ ಮಾಡಿಕೊಂಡ ಏರ್ಪಾಡಿದು. ಗಾಬರಿಯಲ್ಲಿ ಉಸಿರು ಮೇಲುಮೇಲಾಗಿ ಬೇಗಬೇಗ ನಡೆಯುವಾಗ ಈ ಹೊಂದಾಣಿಕೆಗೆ ಸಿಗುವ ಬಿಡುವು ಕಿರಿದಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ದಾರಿ ಮಾತ್ರ ಗಮನದ್ದು, ಮತ್ತು ಅದನ್ನು ಯಾರು ಬೇಕಾದರೂ ಕುಳಿತಲ್ಲೇ ಪರೀಕ್ಷಿಸಬಹುದು. ಬಾಯಲ್ಲಿ ಏನೂ ಇಲ್ಲದೆ ಬೆನ್ನುಬೆನ್ನಿಗೆ ಐದು ಸಲ ಉಗುಳು ನುಂಗಲು ಪ್ರಯತ್ನಿಸಿದರೆ, ಮೂರನೆಯದೋ ನಾಲ್ಕನೆಯದೋ ಬಾರಿಗೆ ಗಂಟಲು ಹಟ ಹಿಡಿಯುತ್ತದೆ, ಒಳಗೇನೋ ಅಡ್ಡ ನಿಂತಂತೆ ಭಾಸವಾಗುತ್ತದೆ. ಉಗುಳು ಮುಗಿದಿರುವುದರಿಂದ ನಾಲಿಗೆಗೆ ತಳ್ಳಲು ಏನೂ ಇರುವುದಿಲ್ಲ, ಗಂಟಲಿನ ಹಂತವನ್ನು ಹೊರಡಿಸಬೇಕಾದ ಸ್ಪರ್ಶವೂ ಸಿಗುವುದಿಲ್ಲ; ಮೇಲಾಗಿ ಪ್ರತಿಯೊಂದು ಹೊಸ ನುಂಗುವಿಕೆಯೂ ಅನ್ನನಾಳದಲ್ಲಿ ಹೊರಟಿದ್ದ ಹಿಂದಿನ ಅಲೆಯನ್ನು ತಡೆಯುತ್ತದೆ. ಪೂರ್ಣ ಆರೋಗ್ಯವಂತರ ಗಂಟಲು ನೀಡುವ ಉತ್ತರ ಇದು. ಗಂಟಲಲ್ಲಿ ಏನೋ ಇದೆಯೆಂಬ ಅನುಮಾನದಿಂದ ದಿನವಿಡೀ ಉಗುಳು ನುಂಗಿ ನುಂಗಿ ನೋಡಿಕೊಳ್ಳುವವರಿಗೆ ಇದೇ ಉತ್ತರ ರೋಗದ ಪುರಾವೆಯಾಗಿ ಕೇಳಿಸುತ್ತದೆ, ಆ ಪುರಾವೆ ಮತ್ತೊಮ್ಮೆ ನುಂಗಿ ನೋಡುವಂತೆ ಮಾಡುತ್ತದೆ.

ಉಂಡೆ, ಮುಳ್ಳು, ಮಾತ್ರೆ

ಈ ಸುಳಿಯ ಅತಿ ಸಾಮಾನ್ಯ ರೂಪಕ್ಕೆ ವೈದ್ಯಕೀಯದಲ್ಲಿ ಗ್ಲೋಬಸ್ ಎಂಬ ಹೆಸರಿದೆ: ಗಂಟಲಲ್ಲಿ ಉಂಡೆಯೊಂದು ಕುಳಿತಂತೆ ಅನ್ನಿಸುತ್ತದೆ, ಆದರೆ ಊಟ ಮಾಡುವಾಗ ಅದು ಮರೆಯಾಗುತ್ತದೆ ಅಥವಾ ಕಡಿಮೆಯಾಗುತ್ತದೆ. ಬರಿಗಂಟಲಲ್ಲಿ ನುಂಗಿದಾಗ ಹೆಚ್ಚಾಗಿ, ಅನ್ನ ನುಂಗಿದಾಗ ಇಲ್ಲವಾಗುವ ಈ ವಿಚಿತ್ರವೇ ಅದನ್ನು ಗಡ್ಡೆಯಿಂದ ಬೇರ್ಪಡಿಸುವ ಮುಖ್ಯ ಸುಳಿವು. ಹಿಂದೆ ಇದನ್ನು ಹೆಂಗಸರ ಹಿಸ್ಟೀರಿಯಾಕ್ಕೆ ಅಂಟಿಸಿ ಸುಮ್ಮನಾಗುತ್ತಿದ್ದರು. ಹುಳಿತೇಗಿನ ಆಮ್ಲ ಮೇಲೇರುವುದು ಮೊದಲಾದ ದೈಹಿಕ ಕಾರಣಗಳೂ ಇಂಥವರಲ್ಲಿ ಕಂಡುಬಂದದ್ದರಿಂದ, 1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯರು ಆ ಹಣೆಪಟ್ಟಿಯನ್ನು ಕೈಬಿಡಬೇಕೆಂದು ವಾದಿಸಿದರು. ಜೀರ್ಣಾಂಗ ತಜ್ಞರ ಅಂತಾರಾಷ್ಟ್ರೀಯ ಮಾನದಂಡವಾದ ‘ರೋಮ್’ ವರ್ಗೀಕರಣದ 2016ರ ಆವೃತ್ತಿಯು ಗ್ಲೋಬಸ್ಸನ್ನೂ, ತಪಾಸಣೆಯಲ್ಲಿ ಏನೂ ಕಾಣದೆ ತುತ್ತು ಸಿಕ್ಕಿಕೊಂಡಂತೆನಿಸುವ ತೊಂದರೆಯನ್ನೂ ಕರುಳು ಮತ್ತು ಮೆದುಳಿನ ನಡುವಣ ಸಂವಹನದ ತೊಡಕುಗಳ ಗುಂಪಿನಲ್ಲಿ ಇರಿಸಿತು.

ಇನ್ನೊಂದು ರೂಪ ಭಯದ್ದು, ಮತ್ತು ಅದಕ್ಕೆ ಹೆಚ್ಚಾಗಿ ಒಂದು ನಿರ್ದಿಷ್ಟ ಆರಂಭವಿರುತ್ತದೆ. ಕರಾವಳಿಯ ಮನೆಗಳಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿಸುವುದು ರೂಢಿ (ವೈದ್ಯರು ಇದನ್ನು ಒಪ್ಪುವುದಿಲ್ಲ, ಮುಳ್ಳು ಇನ್ನಷ್ಟು ಆಳಕ್ಕೆ ನಾಟಬಹುದು); ಮುಳ್ಳು ಹೋದ ಮೇಲೂ ಗೀರಿದ ಜಾಗ ಒಂದೆರಡು ದಿನ ಚುಚ್ಚುತ್ತದೆ, ಬಹುತೇಕರಿಗೆ ಅಲ್ಲಿಗೆ ಮುಗಿಯುತ್ತದೆ. ಕೆಲವರಿಗೆ ಮಾತ್ರ ಮುಗಿಯುವುದಿಲ್ಲ. ಅನ್ನ ನೆತ್ತಿಗೇರಿ ಉಸಿರುಗಟ್ಟಿದ ಒಂದು ಸಂದರ್ಭ, ಮಾತ್ರೆಯೊಂದು ಗಂಟಲಲ್ಲಿ ಅಂಟಿ ಕರಗಿದ ಕಹಿ, ಮತ್ತೊಬ್ಬರು ಉಸಿರುಗಟ್ಟಿದ್ದನ್ನು ಕಣ್ಣಾರೆ ಕಂಡದ್ದು, ಇವುಗಳಲ್ಲಿ ಯಾವುದೇ ಒಂದು ಆರಂಭವಾಗಬಹುದು. ಮೊದಲು ಮಾತ್ರೆ ಬಿಡುತ್ತಾರೆ, ಆಮೇಲೆ ಮಾಂಸ ಮತ್ತು ಚಪಾತಿ, ಆಮೇಲೆ ಅನ್ನ; ಕೊನೆಗೆ ಗಂಜಿ, ಹಾಲು, ಮಜ್ಜಿಗೆಯಲ್ಲಿ ದಿನ ದೂಡುವ ಸ್ಥಿತಿಗೆ ಬಂದು ಮೈತೂಕ ಇಳಿಯುತ್ತದೆ. ತೆಳ್ಳಗಾಗಬೇಕೆಂಬ ಹಂಬಲದಿಂದ ಊಟ ಬಿಡುವ ಅನೊರೆಕ್ಸಿಯಾ ಇದಲ್ಲ. ಇವರಿಗೆ ಹಸಿವಿದೆ, ತಿನ್ನುವ ಆಸೆಯೂ ಇದೆ, ತೂಕ ಇಳಿದದ್ದಕ್ಕೆ ದುಃಖವಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯು ಇಂಥ ಭಯದಿಂದ ಆಹಾರ ಬಿಡುವುದನ್ನು ಪ್ರತ್ಯೇಕವಾಗಿ ಗುರುತಿಸಿತು.

ಒಂದು ಆಹಾರವನ್ನು ಬಿಟ್ಟಾಗಲೆಲ್ಲ ಭಯ ತಾತ್ಕಾಲಿಕವಾಗಿ ಇಳಿಯುತ್ತದೆ, ಹಾಗಾಗಿ ಬಿಟ್ಟದ್ದೇ ಸರಿಯೆಂದು ಮನಸ್ಸು ಕಲಿಯುತ್ತದೆ. ಅನ್ನ ಅಪಾಯವಲ್ಲವೆಂದು ಕಂಡುಕೊಳ್ಳುವ ಅವಕಾಶ ಮಾತ್ರ ಮತ್ತೆಂದೂ ಸಿಗುವುದಿಲ್ಲ.

ಮೊದಲು ತಪಾಸಣೆ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಈ ಕ್ಷೇತ್ರದ ಇತಿಹಾಸದಲ್ಲಿ ಮನಸ್ಸನ್ನು ದೂರಿ ದೇಹವನ್ನು ಮರೆತ ಪ್ರಸಂಗಗಳು ಕಡಿಮೆಯಿಲ್ಲ. ಅನ್ನನಾಳದ ಕೆಳಬಾಯಿ ಸಡಿಲಗೊಳ್ಳದೆ ಉಂಡದ್ದು ನಾಳದಲ್ಲೇ ನಿಲ್ಲುವ ಅಕಲೇಷಿಯಾ ಎಂಬ ಕಾಯಿಲೆಯನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲೇ ವರ್ಣಿಸಿ, ತಿಮಿಂಗಿಲದ ಎಲುಬಿನ ತುದಿಗೆ ಸ್ಪಂಜು ಕಟ್ಟಿ ಅನ್ನವನ್ನು ಒಳಕ್ಕೆ ತಳ್ಳುವ ಉಪಾಯವನ್ನೂ ಹೇಳಿದ್ದ. ಲಕ್ಷಕ್ಕೆ ವರ್ಷದಲ್ಲಿ ಸುಮಾರು ಒಬ್ಬರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಈ ಅಪರೂಪದ ಕಾಯಿಲೆಯವರು ಇಂದಿಗೂ ಆತಂಕದವರೆಂದೋ ಊಟ ಬಿಟ್ಟವರೆಂದೋ ಹೆಸರು ಪಡೆದು ವರ್ಷಗಟ್ಟಲೆ ಅಲೆಯುವುದುಂಟು. ಅಲರ್ಜಿಗೆ ಸಂಬಂಧಿಸಿದ ಅನ್ನನಾಳದ ಉರಿಯೂತವೊಂದು ಪ್ರತ್ಯೇಕ ಕಾಯಿಲೆಯೆಂದು ಗುರುತಾದದ್ದೇ 1990ರ ದಶಕದಲ್ಲಿ. ಅದಕ್ಕೆ ಹಿಂದೆ ಅಂಥವರಿಗೆ ಏನು ಹೇಳಿ ಕಳಿಸಿರಬಹುದೆಂಬುದನ್ನು ಊಹಿಸಬಹುದು.

ಮೊದಲು ಗಟ್ಟಿ ಪದಾರ್ಥ, ಕ್ರಮೇಣ ದ್ರವವೂ ಇಳಿಯದಂತಾಗುವುದು, ನುಂಗುವಾಗ ನೋವು, ತೂಕ ಇಳಿಕೆ, ರಕ್ತ, ಬದಲಾದ ದನಿ, ಕತ್ತಿನಲ್ಲಿ ಗಂಟು, ಪದೇಪದೇ ನ್ಯುಮೋನಿಯಾ, ನೀರು ಕುಡಿದಾಗಲೆಲ್ಲ ಕೆಮ್ಮು, ಇವುಗಳಲ್ಲಿ ಒಂದಿದ್ದರೂ ಮನಸ್ಸಿನ ಮಾತು ಆಮೇಲೆ. ಹೊಗೆಸೊಪ್ಪು, ಅಡಕೆ, ಗುಟ್ಕಾ ಜಗಿಯುವ ಅಭ್ಯಾಸ ವ್ಯಾಪಕವಾಗಿರುವ ನಾಡಿನಲ್ಲಿ ಬಾಯಿ-ಗಂಟಲಿನ ಕ್ಯಾನ್ಸರನ್ನು ಮೊದಲೇ ತಳ್ಳಿಹಾಕಿಕೊಳ್ಳದೆ ಮುಂದುವರಿಯುವಂತಿಲ್ಲ. ಕಿವಿ-ಮೂಗು-ಗಂಟಲು ತಜ್ಞರು ಮೂಗಿನ ಮೂಲಕ ತೆಳು ದರ್ಶಕ ಇಳಿಸಿ ಗಂಟಲನ್ನು ನೋಡುತ್ತಾರೆ. ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಎಕ್ಸ್-ರೇ ಚಲನಚಿತ್ರ ತೆಗೆಯುವ ಪರೀಕ್ಷೆಯೂ ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆಯೂ ಇವೆ.

ಪರೀಕ್ಷೆಯಲ್ಲಿ ರೋಗ ಕಂಡಿತೆಂದ ಮಾತ್ರಕ್ಕೆ ಮನಸ್ಸಿನ ಪಾಲು ಇಲ್ಲವಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಟಿಫನಿ ಟಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ 15 ಪ್ರಶ್ನೆಗಳ ಅಳತೆಗೋಲು, ಅನ್ನನಾಳದ ಸಂವೇದನೆಗಳ ಮೇಲೆ ವ್ಯಕ್ತಿ ಎಷ್ಟು ಕಾವಲಿಟ್ಟಿದ್ದಾರೆ, ಅವುಗಳಿಗೆ ಎಷ್ಟು ಅಂಜುತ್ತಾರೆ ಎಂಬುದನ್ನು ಅಳೆಯುತ್ತದೆ. ರೋಗ ಸ್ಪಷ್ಟವಾಗಿ ಕಂಡವರಲ್ಲೂ ಈ ಕಾವಲು ಹೆಚ್ಚಿದ್ದವರೇ ಹೆಚ್ಚು ತೊಂದರೆ ಹೇಳಿಕೊಂಡರು.

ಕಾವಲು ತೆಗೆಸುವುದು

ತಪಾಸಣೆ ಮುಗಿದು ಅಪಾಯವಿಲ್ಲವೆಂದು ಖಚಿತವಾದವರಿಗೆ ಕೊಡುವ ವರ್ತನಾ ಚಿಕಿತ್ಸೆಯ ಮೊದಲ ಹೆಜ್ಜೆ ವಿವರಣೆ. ‘ಏನೂ ಇಲ್ಲ, ಹೋಗಿ’ ಎಂಬುದು ವಿವರಣೆಯಲ್ಲ. ಸ್ನಾಯುವಿನ ಉಂಗುರ ಏಕೆ ಬಿಗಿಯುತ್ತದೆ, ಬರಿಗಂಟಲು ಏಕೆ ತಡೆಯುತ್ತದೆ ಎಂಬುದನ್ನು ಚಿತ್ರ ಬರೆದು, ಸಾಧ್ಯವಾದರೆ ಅವರದೇ ಎಕ್ಸ್-ರೇ ಚಿತ್ರದಲ್ಲಿ ತುತ್ತು ಸರಾಗವಾಗಿ ಇಳಿಯುವುದನ್ನು ತೋರಿಸಿ ತಿಳಿಸಬೇಕಾಗುತ್ತದೆ. ಅನಂತರ ನುಂಗಿ ನೋಡಿಕೊಳ್ಳುವುದು, ಗಂಟಲು ಕೆರೆಯುವುದು, ಕತ್ತು ಮುಟ್ಟಿ ನೋಡುವುದು, ಪ್ರತಿ ತುತ್ತಿಗೂ ನೀರು ಕುಡಿಯುವುದು ಮುಂತಾದ ರಕ್ಷಣೆಯ ಅಭ್ಯಾಸಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

ಎದೆಯ ಬದಲು ಹೊಟ್ಟೆ ಏರಿಳಿಯುವಂತೆ ವಪೆಯಿಂದ ನಿಧಾನವಾಗಿ ಉಸಿರಾಡುವುದನ್ನು ಕಲಿಸುವುದಕ್ಕೆ ಎರಡು ಕಾರಣಗಳಿವೆ: ಅದು ದೇಹದ ಗಾಬರಿಯ ವ್ಯವಸ್ಥೆಯನ್ನು ತಣಿಸುತ್ತದೆ, ಮತ್ತು ವಪೆಯ ಸ್ನಾಯು ಅನ್ನನಾಳದ ಕೆಳತುದಿಯನ್ನು ಸುತ್ತಿಕೊಂಡಿರುವುದರಿಂದ ಆಮ್ಲ ಮೇಲೇರುವುದನ್ನೂ ತಡೆಯಲು ನೆರವಾಗುತ್ತದೆ. ದನಿಯ ಚಿಕಿತ್ಸೆಯಿಂದ ಎರವಲು ತಂದ ಗುನುಗುವಿಕೆ, ಆಕಳಿಕೆಯ ಅನುಕರಣೆ, ತುಟಿ ಪಟಪಟಿಸುವ ಅಭ್ಯಾಸಗಳು ಧ್ವನಿಪೆಟ್ಟಿಗೆಯ ಸುತ್ತಲಿನ ಬಿಗಿಯನ್ನು ಸಡಿಲಿಸುತ್ತವೆ.

ಭಯದಿಂದ ಆಹಾರ ಬಿಟ್ಟವರಿಗೆ ಮೆಟ್ಟಿಲು ಕಟ್ಟಬೇಕು. ರೋಗಿಯೇ ಭಯದ ಅಳತೆಗೆ ತಕ್ಕಂತೆ ಪಟ್ಟಿ ಮಾಡುತ್ತಾರೆ: ಗಂಜಿ, ಮೆತ್ತಗಿನ ಮೊಸರನ್ನ, ಸಾಂಬಾರಿನಲ್ಲಿ ನೆನೆದ ಇಡ್ಲಿ, ಉಪ್ಪಿಟ್ಟು, ಚಪಾತಿ, ಬೇಯಿಸಿದ ಮೊಟ್ಟೆಯ ಹಳದಿ, ಕೊನೆಗೆ ಚಕ್ಕುಲಿ. ಒಂದು ಮೆಟ್ಟಿಲಲ್ಲಿ ಭಯ ತಾನಾಗಿ ಇಳಿಯುವವರೆಗೆ ಅಲ್ಲೇ ನಿಂತು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಮಕ್ಕಳಿಗೆ ಮಾತ್ರೆ ನುಂಗಲು ಕಲಿಸುವಾಗಲೂ ಸಾಸಿವೆ ಗಾತ್ರದ ಮಿಠಾಯಿಯಿಂದ ಆರಂಭಿಸಿ ಗಾತ್ರ ಹೆಚ್ಚಿಸುತ್ತ ಹೋಗುವುದು ಇದೇ ತತ್ತ್ವ. ಮಾತ್ರೆಯ ವಿಷಯದಲ್ಲಿ ಭಂಗಿಯೂ ಮುಖ್ಯ: ಜರ್ಮನಿಯ ಹೈಡೆಲ್‌ಬರ್ಗಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದಂತೆ, ನೀರಿನಲ್ಲಿ ತೇಲುವ ಕ್ಯಾಪ್ಸೂಲನ್ನು ನುಂಗುವಾಗ ತಲೆಯನ್ನು ಹಿಂದಕ್ಕೆ ಎತ್ತುವ ಬದಲು ಗಲ್ಲವನ್ನು ಎದೆಯ ಕಡೆಗೆ ಬಾಗಿಸಿದರೆ ಅದು ಸುಲಭವಾಗಿ ಇಳಿಯುತ್ತದೆ, ಬಹುಮಂದಿ ಮಾಡುವುದು ಇದಕ್ಕೆ ತಿರುಗಾಮುರುಗಾ.

ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ 1984ರಲ್ಲಿ ಕರುಳಿನ ತೊಂದರೆಗೆ ಸಂಮೋಹನ ಚಿಕಿತ್ಸೆಯ ಉಪಯೋಗವನ್ನು ತೋರಿಸಿದ ಮೇಲೆ, ಅದನ್ನು ಅನ್ನನಾಳಕ್ಕೂ ಗಂಟಲಿನ ಉಂಡೆಗೂ ಒಗ್ಗಿಸಿಕೊಳ್ಳಲಾಗಿದೆ. ಸಂವೇದನೆಯ ತೀಕ್ಷ್ಣತೆ ಇಳಿಸಲು ಖಿನ್ನತೆಯ ಔಷಧಗಳನ್ನು ಅಲ್ಪ ಪ್ರಮಾಣದಲ್ಲಿ ಕೊಡುವುದೂ ಇದೆ. ಈ ಚಿಕಿತ್ಸೆಗಳಿಗಿರುವ ಆಧಾರ ಬಹುಪಾಲು ಸಣ್ಣ ಅಧ್ಯಯನಗಳದ್ದೆಂಬುದನ್ನು ಮರೆಯಬಾರದು. ಉತ್ಸಾಹಿಗಳ ಬರಹಗಳಲ್ಲಿ ಈ ಮಾತು ಸಾಮಾನ್ಯವಾಗಿ ಕೊನೆಯ ಸಾಲಿಗೆ ಜಾರಿರುತ್ತದೆ.

ಕಾವಲು ಹಾಕಿಸುವುದು

ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಗಂಟಲಿನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಇವುಗಳ ತರುವಾಯ ಬರುವ ನುಂಗುವ ತೊಂದರೆಯಲ್ಲಿ ಚಿತ್ರ ತಿರುಗಿಬೀಳುತ್ತದೆ. ಗ್ಲೋಬಸ್ ಇರುವವರಿಗೆ ಅಪಾಯವಿಲ್ಲದಿದ್ದರೂ ಅಪಾಯದ ಅನುಭವವಿರುತ್ತದೆ. ಪಾರ್ಶ್ವವಾಯುವಾದ ಕೆಲವರಲ್ಲಿ ಗಂಟಲಿನ ಸ್ಪರ್ಶಜ್ಞಾನವೇ ಕುಂದಿರುವುದರಿಂದ, ನೀರು ಶ್ವಾಸನಾಳಕ್ಕೆ ಇಳಿಯುತ್ತಿದ್ದರೂ ಕೆಮ್ಮು ಬರುವುದಿಲ್ಲ, ತೊಂದರೆಯಿದೆಯೆಂದೇ ಅವರಿಗೆ ತಿಳಿಯುವುದಿಲ್ಲ. ತಾನಾಗಿ ನಡೆಯುವ ಅರ್ಧ ಕೆಟ್ಟಿರುವ ಇಂಥವರಲ್ಲಿ ಇಚ್ಛೆಯ ಅರ್ಧವನ್ನು ಬಲಪಡಿಸಿ ಕೆಲಸ ತೆಗೆಯಬೇಕಾಗುತ್ತದೆ.

ಈ ಶಾಸ್ತ್ರವನ್ನು ಕಟ್ಟಿದವರಲ್ಲಿ ಪ್ರಮುಖರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೆರಿ ಲೋಗ್‌ಮನ್. 1983ರ ಅವರ ಪುಸ್ತಕ ನುಂಗುವಿಕೆಯನ್ನು ವಾಕ್ ಚಿಕಿತ್ಸಕರ ಕೆಲಸದ ನಡುಮಧ್ಯಕ್ಕೆ ತಂದಿತು. ಧ್ವನಿಪೆಟ್ಟಿಗೆ ಮೇಲೇರಿದ್ದನ್ನು ಬೆರಳಿನಿಂದ ಗುರುತಿಸಿ, ಅದನ್ನು ಕೆಲವು ಸೆಕೆಂಡು ಮೇಲೆಯೇ ಹಿಡಿದಿಟ್ಟು ಅನ್ನನಾಳದ ಬಾಯಿ ತೆರೆದಿರುವಂತೆ ಮಾಡುವುದು ಒಂದು ತಂತ್ರ. ಉಸಿರು ಬಿಗಿಹಿಡಿದು ನುಂಗಿ ಕೂಡಲೇ ಕೆಮ್ಮುವುದು ಇನ್ನೊಂದು. ಮಲಗಿ, ಭುಜ ಏಳದಂತೆ, ಕಾಲ್ಬೆರಳು ಕಾಣುವಷ್ಟು ತಲೆ ಎತ್ತಿ ಹಿಡಿಯುವ ವ್ಯಾಯಾಮವನ್ನು ರೂಪಿಸಿದವರು ರೆಜಾ ಶೇಕರ್. ಕತ್ತಿಗೆ ಅಂಟಿಸಿದ ಎಲೆಕ್ಟ್ರೋಡುಗಳು ಸ್ನಾಯುವಿನ ಶ್ರಮವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸಿದರೆ, ಎಂದೂ ಕಾಣದಿದ್ದ ಕೆಲಸವನ್ನು ನೋಡುತ್ತ ತಿದ್ದಿಕೊಳ್ಳಬಹುದು. ಪಾರ್ಕಿನ್ಸನ್ ಕಾಯಿಲೆಯವರಿಗೆ ‘ಈಗ ಗಟ್ಟಿಯಾಗಿ ನುಂಗಿ’ ಎಂಬ ಮಾತೇ ಔಷಧದಂತೆ ಕೆಲಸ ಮಾಡುವುದುಂಟು.

ಆಹಾರದ ಹದವೂ ಸಾಮಾನ್ಯ ತಿಳಿವಳಿಕೆಗೆ ವಿರುದ್ಧ. ದುರ್ಬಲ ಗಂಟಲಿಗೆ ಅತಿ ಕಷ್ಟದ್ದು ನೀರು, ಏಕೆಂದರೆ ಗಂಟಲು ಸಿದ್ಧವಾಗುವ ಮುನ್ನವೇ ಅದು ಜಾರಿರುತ್ತದೆ. ಮಂದಗೊಳಿಸಿದ ದ್ರವ ನಿಧಾನವಾಗಿ ಸರಿಯುತ್ತದೆ. ಈಗ ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ಪಟ್ಟಿಯು ನೀರನ್ನು 0 ಎಂದೂ ಸಾಮಾನ್ಯ ಊಟವನ್ನು 7 ಎಂದೂ ಎಂಟು ಹಂತಗಳನ್ನು ಗುರುತಿಸುತ್ತದೆ. ರಾಗಿ ಅಂಬಲಿ ಇಂಥವರಿಗೆ ಹೊಂದಬಹುದು. ಅಂಟುವ ಮುದ್ದೆ, ಅದೆಷ್ಟೇ ಬಲದಾಯಕವೆಂದು ಮನೆಯವರು ನಂಬಿದ್ದರೂ, ಚಿಕಿತ್ಸಕರನ್ನು ಕೇಳದೆ ಕೊಡತಕ್ಕದ್ದಲ್ಲ.

ಮೈಸೂರಿನಲ್ಲಿ 1966ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸ ಬಲ್ಲ ವಾಕ್ ಚಿಕಿತ್ಸಕರನ್ನು ದೇಶಕ್ಕೇ ಸಿದ್ಧಪಡಿಸುತ್ತ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮನೋವೈದ್ಯ, ವಾಕ್ ಚಿಕಿತ್ಸಾ ವಿಭಾಗಗಳು ಒಂದೇ ಆವರಣದಲ್ಲಿವೆ. ಆದರೂ ವಾಕ್ ಚಿಕಿತ್ಸಕರೆಂದರೆ ಮಾತು ಬಾರದ ಮಕ್ಕಳಿಗಷ್ಟೇ ಎಂಬ ಎಣಿಕೆ ಬಲವಾಗಿರುವುದರಿಂದ, ನುಂಗಲಾಗದವರು ಅವರ ಬಾಗಿಲಿಗೆ ತಡವಾಗಿ ತಲುಪುತ್ತಾರೆ.

ಮನೆಯವರ ಪಾಲು

ಊಟದ ಹೊತ್ತಿನಲ್ಲಿ ಎದುರು ಕುಳಿತು ‘ನಿಧಾನ, ಜೋಪಾನ, ಇನ್ನೂ ಚೆನ್ನಾಗಿ ಅಗಿ’ ಎನ್ನುವ ಮನೆಯವರ ಅಕ್ಕರೆ ಒಬ್ಬ ರೋಗಿಗೆ ಚಿಕಿತ್ಸೆ, ಇನ್ನೊಬ್ಬರಿಗೆ ಅಡ್ಡಿ. ಪಾರ್ಶ್ವವಾಯುವಾದ ಹಿರಿಯರ ಬಳಿ ಟಿ.ವಿ. ಆರಿಸಿ, ನೆಟ್ಟಗೆ ಕೂರಿಸಿ, ಒಂದೊಂದು ತುತ್ತಿಗೂ ನುಂಗಿದ್ದಾಯಿತೇ ಎಂದು ಕೇಳಬೇಕು, ಬಾಯಿ ಬರಿದಾದದ್ದನ್ನು ನೋಡಿಯೇ ಮುಂದಿನದನ್ನು ಕೊಡಬೇಕು. ಉಸಿರುಗಟ್ಟಿದ ಭಯದಿಂದ ಊಟ ಬಿಟ್ಟ ಹುಡುಗಿಯ ಮುಂದೆ ಅದೇ ಪ್ರಶ್ನೆಗಳು ಕಾವಲನ್ನು ಹೆಚ್ಚಿಸುತ್ತವೆ. ಅವಳ ತಟ್ಟೆಯನ್ನು ನೋಡದೆ, ಬೇರೆ ಮಾತು ತೆಗೆದು, ಉಳಿದವರೊಡನೆ ಉಣ್ಣಲು ಬಿಡಬೇಕು. ಹಾಗಾಗಿ ಚಿಕಿತ್ಸಕರು ಕೊಡುವ ಚೀಟಿಯಲ್ಲಿ ರೋಗದ ಹೆಸರಿನ ಜೊತೆಗೆ, ಊಟದ ವೇಳೆ ಮನೆಯವರು ಮಾತನಾಡಿಸುವುದು ಬೇಕೋ ಬೇಡವೋ ಎಂಬುದೂ ಬರೆದಿರಬೇಕು. ಸುಧಾರಣೆಯನ್ನು ಅಳೆಯುವಾಗಲೂ ಗಂಟಲಿನ ಉಂಡೆ ಹೋಯಿತೇ ಎಂದು ಮೊದಲು ಕೇಳುವುದಿಲ್ಲ. ಬಿಟ್ಟಿದ್ದ ಆಹಾರಗಳಲ್ಲಿ ಎಷ್ಟು ಮರಳಿದವು, ಮನೆಯ ಹೊರಗೆ ಉಂಡದ್ದುಂಟೇ ಎಂದು ಕೇಳುತ್ತಾರೆ. ಉಂಡೆಯ ಅನುಭವ ಹೆಚ್ಚಾಗಿ ಅವುಗಳ ಹಿಂದೆ, ತಡವಾಗಿ ಕರಗುತ್ತದೆ. ಕೆಲವರಲ್ಲಿ ಅಲ್ಪಸ್ವಲ್ಪ ಉಳಿದೂಬಿಡುತ್ತದೆ.